ಪ್ರನಾಳ ಶಿಶುವನ್ನು ಯಾರ ಜೊತೆ ಹೋಲಿಸಿ ನೋಡಬೇಕು?

1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಮ್‌ನಲ್ಲಿ ಸಿಸೇರಿಯನ್ ಮಾಡಿ ಒಂದು ಹೆಣ್ಣು ಮಗುವನ್ನು ಹೊರತೆಗೆದರು. ತೂಕ ಸುಮಾರು 2.6 ಕೆಜಿ. ಹೆಸರು ಲೂಯಿಸ್ ಬ್ರೌನ್. ತಾಯಿಯ ದೇಹದ ಹೊರಗೆ, ಗಾಜಿನ ತಟ್ಟೆಯಲ್ಲಿ ಅಂಡಾಣು ಮತ್ತು ವೀರ್ಯಾಣುವನ್ನು ಕೂಡಿಸಿ ಪಡೆದ ಮೊದಲ ಮಗು, ಅಂದರೆ ಮೊದಲ ಪ್ರನಾಳ ಶಿಶು. ಈ ವಿಧಾನಕ್ಕೆ ಐವಿಎಫ್ ಎಂದು ಹೆಸರು. ಎಲ್ಲರಿಗೂ ಬೇಕಿದ್ದ ಉತ್ತರ ಒಂದೇ: ಮಗು ಚೆನ್ನಾಗಿದೆಯಾ?

ಚೆನ್ನಾಗಿಯೇ ಇತ್ತು. ಆದರೆ ಅನುಮಾನ ಮಗುವಿಗಿಂತ ಹಳೆಯದು. 1971ರಲ್ಲಿ ಈ ವಿಧಾನವನ್ನು ರೂಪಿಸುತ್ತಿದ್ದ ರಾಬರ್ಟ್ ಎಡ್ವರ್ಡ್ಸ್ ಮತ್ತು ಪ್ಯಾಟ್ರಿಕ್ ಸ್ಟೆಪ್ಟೊ ಸಂಶೋಧನೆಗೆ ದುಡ್ಡು ಕೇಳಿದಾಗ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಕೊಡಲಿಲ್ಲ. ಹುಟ್ಟುವ ಮಕ್ಕಳಿಗೆ ತೊಂದರೆಯಾದರೆ ಏನು ಗತಿ ಅನ್ನುವುದು ಒಂದು ಕಾರಣ. ಜನಸಂಖ್ಯೆ ಏರುತ್ತಿರುವಾಗ ಮಕ್ಕಳಾಗದಿರುವುದು ಅಷ್ಟು ದೊಡ್ಡ ಸಮಸ್ಯೆಯೇನಲ್ಲ ಅನ್ನುವುದು ಇನ್ನೊಂದು. ಎಡ್ವರ್ಡ್ಸ್‌ಗೆ ನೊಬೆಲ್ ಬಂದಿದ್ದು 2010ರಲ್ಲಿ. ಅಷ್ಟು ಹೊತ್ತಿಗೆ ಸ್ಟೆಪ್ಟೊ ಇರಲಿಲ್ಲ. ಲ್ಯಾಬಿನಲ್ಲಿ ಅವರಿಬ್ಬರ ಜೊತೆ ದುಡಿದ ಜೀನ್ ಪರ್ಡಿಯೂ ಇರಲಿಲ್ಲ.

ಲೂಯಿಸ್ ಹುಟ್ಟಿದ್ದು ತಾಯಿಯಲ್ಲಿ ಆ ತಿಂಗಳು ತಾನಾಗಿಯೇ ಬಲಿತ ಒಂದೇ ಒಂದು ಅಂಡಾಣುವಿನಿಂದ. ಆಮೇಲೆ ದಾರಿ ಬದಲಾಯಿತು. ಒಂದನ್ನು ನಂಬಿ ಕೂತರೆ ಸೋಲೇ ಜಾಸ್ತಿ. ಹಾಗಾಗಿ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಒಟ್ಟಿಗೆ ಹತ್ತಾರು ಅಂಡಾಣು ಬೆಳೆಸುವ ಪದ್ಧತಿ ಬಂತು. ಭ್ರೂಣಗಳು ಕೈಯಲ್ಲಿದ್ದ ಮೇಲೆ ಎರಡು ಮೂರನ್ನು ಒಟ್ಟಿಗೇ ಗರ್ಭಕೋಶಕ್ಕೆ ಬಿಡುವುದೂ ರೂಢಿಯಾಯಿತು. ಒಂದಾದರೂ ನಿಲ್ಲಲಿ ಎಂಬ ಆಸೆ.

ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ಅತಿ ದೊಡ್ಡ ತಪ್ಪು ನಡೆದದ್ದು ಇಲ್ಲೇ. ಅವಳಿ, ತ್ರಿವಳಿ ಬಸಿರಿನಲ್ಲಿ ಮಕ್ಕಳು ದಿನ ತುಂಬುವ ಮೊದಲೇ ಹುಟ್ಟುವುದು ಹೆಚ್ಚು, ತೂಕ ಕಡಿಮೆ, ಉಸಿರಾಟದ ತೊಂದರೆ, ಮಿದುಳಿಗೆ ಪೆಟ್ಟು. ತಾಯಿಗೆ ಬಿಪಿ, ಸಕ್ಕರೆ, ಹೆರಿಗೆಯಲ್ಲಿ ರಕ್ತಸ್ರಾವ. ವರ್ಷಗಟ್ಟಲೆ ಕಾದ ದಂಪತಿಗೆ ಅವಳಿ ಅಂದರೆ ಒಂದಕ್ಕೊಂದು ಉಚಿತ ಸಿಕ್ಕ ಹಾಗೆ. ಅದನ್ನು ತಪ್ಪು ಅನ್ನೋದು ಹೇಗೆ? ಆದರೆ ಚಿಕಿತ್ಸೆಯಿಂದ ಮಕ್ಕಳಿಗೆ ಆದ ಹಾನಿಯಲ್ಲಿ ದೊಡ್ಡ ಪಾಲು ಇದರದ್ದೇ. ಅದು ತಂತ್ರಜ್ಞಾನದ ದೋಷವಲ್ಲ, ಆತುರದ್ದು.

ತಿದ್ದಿಕೊಂಡವರೂ ಇದ್ದಾರೆ. 2003ರಲ್ಲಿ ಸ್ವೀಡನ್ ಸಾಮಾನ್ಯವಾಗಿ ಒಂದೇ ಭ್ರೂಣ ಇಡಬೇಕು ಎಂದು ನಿಯಮ ಮಾಡಿತು. ಅದೇ ವರ್ಷ ಬೆಲ್ಜಿಯಂ ಒಂದು ಜಾಣ ಒಪ್ಪಂದಕ್ಕೆ ಬಂತು: ಆರು ಸುತ್ತಿನ ಲ್ಯಾಬ್ ಖರ್ಚು ಸರ್ಕಾರದ್ದು, ಆದರೆ ಎಷ್ಟು ಭ್ರೂಣ ಇಡಬಹುದು ಅನ್ನುವುದಕ್ಕೆ ಮಿತಿ. ಖರ್ಚಿನ ಭಯ ಕಡಿಮೆಯಾದರೆ ಒಂದೇ ಸಲಕ್ಕೆ ಎಲ್ಲವನ್ನೂ ಪಣಕ್ಕಿಡುವ ಒತ್ತಡವೂ ಇಳಿಯುತ್ತದೆ, ಅಲ್ವಾ? 2004ರಲ್ಲಿ ಸ್ಕ್ಯಾಂಡಿನೇವಿಯಾದ ಒಂದು ಪ್ರಯೋಗ ಪುರಾವೆ ಕೊಟ್ಟಿತು. ಎಲ್ಲರೂ 36 ವರ್ಷದೊಳಗಿನ ಮಹಿಳೆಯರು. ಒಟ್ಟಿಗೆ ಎರಡು ಭ್ರೂಣ ಇಟ್ಟವರಲ್ಲಿ ಶೇ 42.9ರಷ್ಟು ಮಂದಿಗೆ ಮಗುವಾಯಿತು. ಮೊದಲು ಒಂದು, ಅದು ನಿಲ್ಲದಿದ್ದರೆ ಆಮೇಲೆ ಶೀತಲೀಕರಿಸಿಟ್ಟ ಇನ್ನೊಂದು ಇಟ್ಟವರಲ್ಲಿ ಶೇ 38.8. ದೊಡ್ಡ ಅಂತರವೇನಲ್ಲ. ಆದರೆ ಹೆರಿಗೆಗಳಲ್ಲಿ ಅವಳಿಯಂಥವು ಮೊದಲ ಗುಂಪಿನಲ್ಲಿ ಶೇ 33.1, ಎರಡನೆಯದರಲ್ಲಿ ಶೇ 0.8. ಬರೀ ಸ್ವಲ್ಪ ತಾಳ್ಮೆಯಿಂದ ಇಷ್ಟು ಲಾಭ.

ಹಾಗಾದರೆ ಒಂದೇ ಮಗುವಾದರೆ ಏನೂ ತೊಂದರೆ ಇಲ್ಲವಾ? ಅಷ್ಟು ಸುಲಭವಿಲ್ಲ. 2002ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಿಂದ ಬಂದ ಅಧ್ಯಯನವೊಂದು ಗಾಬರಿ ಹುಟ್ಟಿಸಿತು. ಸಹಜವಾಗಿ ಹುಟ್ಟಿದ ಮಕ್ಕಳಲ್ಲಿ ಒಂದು ವರ್ಷದೊಳಗೆ ಪತ್ತೆಯಾದ ದೊಡ್ಡ ಜನ್ಮದೋಷಗಳು ಶೇ 4.2. ಐವಿಎಫ್ ಮಕ್ಕಳಲ್ಲಿ ಶೇ 9.0. ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಚುಚ್ಚುವ ‘ಇಕ್ಸಿ’ ವಿಧಾನದಲ್ಲಿ ಶೇ 8.6. ಎರಡು ಪಟ್ಟು ಅಪಾಯ ಅನ್ನುವುದು ತಲೆಬರಹಕ್ಕೆ ಹೇಳಿ ಮಾಡಿಸಿದ ಸಂಖ್ಯೆ.

ಇಲ್ಲಿಂದ ಮುಂದೆ ತಕರಾರು ಹೋಲಿಕೆಯದ್ದು. ಚಿಕಿತ್ಸೆಗೆ ಬರುವವರಿಗೆ ಸರಾಸರಿ ವಯಸ್ಸು ಜಾಸ್ತಿ. ಮಕ್ಕಳಾಗದಿರಲು ಅವರ ದೇಹದಲ್ಲೇ ಏನೋ ಕಾರಣ ಇರುತ್ತದೆ. ಆ ಕಾರಣವೇ ಮಗುವಿನ ಮೇಲೂ ಪರಿಣಾಮ ಬೀರಬಹುದಲ್ಲ? ನಾರ್ವೆಯ ಸಂಶೋಧಕರು ಇದಕ್ಕೊಂದು ಸೊಗಸಾದ ದಾರಿ ಹುಡುಕಿದರು. ಒಂದು ಮಗು ಚಿಕಿತ್ಸೆಯಿಂದ, ಇನ್ನೊಂದು ಸಹಜವಾಗಿ ಪಡೆದ 2,500ಕ್ಕೂ ಹೆಚ್ಚು ತಾಯಂದಿರನ್ನು ದಾಖಲೆಗಳಿಂದ ಹೆಕ್ಕಿ, ಒಡಹುಟ್ಟಿದವರನ್ನೇ ಒಬ್ಬರ ಪಕ್ಕ ಒಬ್ಬರನ್ನು ಇಟ್ಟು ನೋಡಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಚಿಕಿತ್ಸೆಯಿಂದ ಹುಟ್ಟಿದ ಮಕ್ಕಳ ತೂಕ ಕಡಿಮೆ ಎಂಬ ವ್ಯತ್ಯಾಸ ಬಹುಪಾಲು ಕರಗಿಹೋಗಿತ್ತು. 2012ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ದೊಡ್ಡ ಅಧ್ಯಯನವೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿತ್ತು. ತಾಯಿಯ ವಯಸ್ಸು ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಐವಿಎಫ್‌ನಲ್ಲಿ ಜನ್ಮದೋಷದ ಹೆಚ್ಚಳ ಗಣನೀಯವಾಗಿ ಉಳಿಯಲಿಲ್ಲ. ಇಕ್ಸಿಯಲ್ಲಿ ಉಳಿಯಿತು.

ಆದರೂ ಎಲ್ಲವನ್ನೂ ತಂದೆತಾಯಿಯ ತಲೆಗೆ ಕಟ್ಟುವಂತಿಲ್ಲ. ದನ, ಕುರಿಗಳ ಭ್ರೂಣವನ್ನು ಲ್ಯಾಬಿನಲ್ಲಿ ಬೆಳೆಸುತ್ತಿದ್ದವರು 1990ರ ದಶಕದಲ್ಲೇ ವಿಚಿತ್ರವಾಗಿ ದೊಡ್ಡದಾಗಿ ಹುಟ್ಟುವ ಕರುಗಳನ್ನು ಕಂಡಿದ್ದರು. 2003ರಲ್ಲಿ ಬೆಕ್‌ವಿತ್-ವೀಡೆಮನ್ ಎಂಬ ಅತಿಬೆಳವಣಿಗೆಯ ಕಾಯಿಲೆ ಐವಿಎಫ್ ಮಕ್ಕಳಲ್ಲಿ ನಿರೀಕ್ಷೆಗಿಂತ ಹೆಚ್ಚು ಕಾಣುತ್ತಿದೆ ಎಂಬ ವರದಿಗಳು ಬಂದವು. ಅದು ತೀರಾ ಅಪರೂಪದ್ದು, ಹೆಚ್ಚಾದರೂ ಅಪರೂಪವೇ. 2010ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನವರು ಇನ್ನೊಂದು ಕಂಡುಕೊಂಡರು. ಮೊದಲ ಕೆಲವು ದಿನ ಭ್ರೂಣವನ್ನು ಯಾವ ದ್ರವದಲ್ಲಿ ಇಡುತ್ತಾರೆ ಅನ್ನುವುದರ ಮೇಲೆ ಮಗುವಿನ ಹುಟ್ಟುತೂಕವೇ ಬದಲಾಗುತ್ತಿತ್ತು!

ಇನ್ನು ತಾಯಂದಿರ ವಿಷಯ. 1992ರಲ್ಲಿ ಅಮೆರಿಕದ ಒಂದು ವಿಶ್ಲೇಷಣೆ ಅಂಡಾಣು ಬೆಳೆಸಲು ಕೊಡುವ ಔಷಧಿಗಳಿಂದ ಅಂಡಾಶಯದ ಕ್ಯಾನ್ಸರ್ ಬರಬಹುದೇ ಎಂಬ ಭಯ ಎಬ್ಬಿಸಿತು. 2009ರಲ್ಲಿ ಡೆನ್ಮಾರ್ಕಿನವರು 54,000ಕ್ಕೂ ಹೆಚ್ಚು ಮಹಿಳೆಯರ ದಾಖಲೆ ನೋಡಿದಾಗ ಅಂಥ ಗಟ್ಟಿ ನಂಟು ಕಾಣಲಿಲ್ಲ. ನಿಜವಾದ, ಕಣ್ಣೆದುರಿನ ಅಪಾಯ ಬೇರೆಯದು. ಇಂಜೆಕ್ಷನ್‌ಗೆ ಅಂಡಾಶಯ ಅತಿಯಾಗಿ ಕೆರಳಿದರೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ರಕ್ತ ಹೆಪ್ಪುಗಟ್ಟಬಹುದು, ಜೀವಕ್ಕೂ ಕುತ್ತಾಗಬಹುದು. ಬಸಿರಾದರೆ ಇದು ಇನ್ನೂ ಕೆರಳುತ್ತದೆ. ಹಾಗಾಗಿ ಭ್ರೂಣಗಳನ್ನೆಲ್ಲ ಶೀತಲೀಕರಿಸಿ, ದೇಹ ಶಾಂತವಾದ ಮೇಲೆ ಇಡುವ ಉಪಾಯ ಹರಡಿತು.

ಅದಕ್ಕೂ ಒಂದು ಬೆಲೆ ಇತ್ತು. ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಅಂಡಾಣು ಸರಿಯಾಗಿ ಬಲಿಯದ ತೊಂದರೆ) ಇರುವ ಮಹಿಳೆಯರ ಮೇಲೆ ಚೀನಾದಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆ ಕೆರಳುವಿಕೆ ಶೇ 7.1ರಿಂದ 1.3ಕ್ಕೆ ಇಳಿಯಿತು. ಆದರೆ ಬಸುರಿಯ ಬಿಪಿ ಅಪಾಯಕಾರಿಯಾಗಿ ಏರುವ ಪ್ರೀಎಕ್ಲಾಂಪ್ಸಿಯಾ ಶೇ 1.4ರಿಂದ 4.4ಕ್ಕೆ ಏರಿತು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದುಕೊಂಡಿತು. ಮಾತ್ರೆ ಕೊಟ್ಟು ಗರ್ಭಕೋಶ ತಯಾರು ಮಾಡುವುದರ ಬದಲು ಸಹಜ ಋತುಚಕ್ರದಲ್ಲೇ ಭ್ರೂಣ ಇಟ್ಟರೆ ಇದು ಕಡಿಮೆಯಾಗುತ್ತದೆ ಅನ್ನುವ ಸೂಚನೆಗಳಿವೆ.

ಮೊದಮೊದಲು ಹುಟ್ಟಿದ ಇಕ್ಸಿ ಮಕ್ಕಳೂ ಈಗ ದೊಡ್ಡವರಾಗಿದ್ದಾರೆ. 2016ರಲ್ಲಿ ಬ್ರಸೆಲ್ಸ್‌ನವರು ಅಂಥ 54 ಯುವಕರನ್ನು ಪರೀಕ್ಷಿಸಿದರೆ ವೀರ್ಯಾಣುಗಳ ಸಂಖ್ಯೆ ಓರಗೆಯವರ ಅರ್ಧದಷ್ಟಿತ್ತು. ಅಪ್ಪನ ಸಮಸ್ಯೆ ಮಗನಿಗೆ ಬಂತೋ, ಸೂಜಿಯಿಂದ ಬಂತೋ? ಅಪ್ಪಂದಿರಲ್ಲೇ ಆ ಕೊರತೆ ಇದ್ದದ್ದರಿಂದ ಮೊದಲನೆಯದೇ ಹೆಚ್ಚು ನಂಬುವಂತಿದೆ. ಐವಿಎಫ್ ಮಕ್ಕಳ ರಕ್ತನಾಳಗಳು ಸ್ವಲ್ಪ ಬಿಗಿ ಅನ್ನುವ ಸಣ್ಣ ಸಣ್ಣ ಅಧ್ಯಯನಗಳೂ ಇವೆ. ಅದು ಮುಂದೆ ಹೃದಯದ ಕಾಯಿಲೆಯಾಗುತ್ತದಾ ಅಂತ ನೋಡಲು ಆ ಪೀಳಿಗೆಗೆ ಇನ್ನೂ ವಯಸ್ಸಾಗಬೇಕು. ಅವರಲ್ಲಿ ಹಿರಿಯಳಾದ ಲೂಯಿಸ್‌ಗೆ 50 ತುಂಬುವುದು 2028ರಲ್ಲಿ.