ಹಾಲಿನ ಡೈರಿಯಲ್ಲಿ ನೆಟ್ ಹೋದಾಗ

ಬೆಳಿಗ್ಗೆ 6 ಗಂಟೆ. ಹಳ್ಳಿಯ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ಜನ ಸಾಲಾಗಿ ನಿಂತಿದ್ದಾರೆ. ತೂಕದ ಯಂತ್ರ ಸರಿಯಿದೆ. ಫ್ಯಾಟ್ ನೋಡುವ ಯಂತ್ರವೂ ಸರಿಯಿದೆ. ಚೀಟಿ ಮಾತ್ರ ಬರುತ್ತಿಲ್ಲ. ದರಪಟ್ಟಿ ಇರುವುದು ನೂರಾರು ಕಿಲೋಮೀಟರ್ ದೂರದ ಸರ್ವರ್‌ನಲ್ಲಿ, ರಾತ್ರಿ ಸುರಿದ ಮಳೆಗೆ ನೆಟ್ ಹೋಗಿದೆ.

ಆ ವ್ಯವಸ್ಥೆ ಕಟ್ಟಿದ ತಂಡದಲ್ಲಿ ನಾನೂ ಇದ್ದೆ. "ಸಾರ್, ಜನ ಕಾಯ್ತಿದ್ದಾರೆ, ಹಾಲು ಕೆಡುತ್ತೆ" ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಅವರೇ ಹಳೆಯ ನೋಟ್‌ಬುಕ್ ತೆಗೆದು ಬರೆದುಕೊಂಡರು. ಕ್ಲೌಡ್, ಫಾಗ್, ಎಡ್ಜ್ ಎಂಬ ಮೂರು ಪದಗಳು ನನಗೆ ಸರಿಯಾಗಿ ಅರ್ಥವಾಗಿದ್ದು ಆ ನೋಟ್‌ಬುಕ್ ನೋಡಿದ ಮೇಲೆ.

ಎಡ್ಜ್ ಅಂದರೆ ಕೆಲಸ ನಡೆಯುವ ಜಾಗದಲ್ಲೇ ಇರುವ ಯಂತ್ರ. ಡೈರಿಯಲ್ಲಿ ಅದು ಹಾಲು ತಣ್ಣಗಿಡುವ ಬಿಎಂಸಿ (ಬಲ್ಕ್ ಮಿಲ್ಕ್ ಕೂಲರ್) ಟ್ಯಾಂಕಿನ ಕಂಟ್ರೋಲರ್. ಆಗ ತಾನೇ ಕರೆದ ಹಾಲಿನಲ್ಲಿ ಹಸುವಿನ ಮೈಬಿಸಿ ಇನ್ನೂ ಇರುತ್ತದೆ. ಅದನ್ನು ಬೇಗ 4 ಡಿಗ್ರಿಗೆ ಇಳಿಸಬೇಕು. ಕಂಪ್ರೆಸರ್ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಈ ಕಂಟ್ರೋಲರ್ ಯಾರನ್ನೂ ಕೇಳದೆ ತೀರ್ಮಾನಿಸಬೇಕು. ಕ್ಲೌಡ್ ಅಂದರೆ ದೂರದ ದೊಡ್ಡ ಡೇಟಾ ಸೆಂಟರ್. ಇವೆರಡರ ನಡುವೆ, ಊರಿನ ಹತ್ತಿರವೇ ಕೂರುವ ಸಣ್ಣ ಕಂಪ್ಯೂಟರ್ ಫಾಗ್. 2012ರಲ್ಲಿ ಸಿಸ್ಕೊ ಕಂಪನಿಯ ಎಂಜಿನಿಯರುಗಳು ಈ ಹೆಸರನ್ನು ಚಾಲ್ತಿಗೆ ತಂದರು. ಮೋಡ ನೆಲಕ್ಕೆ ಇಳಿದರೆ ಮಂಜು, ಅಲ್ವಾ?

ಯಾವ ಕೆಲಸ ಎಲ್ಲಿರಬೇಕು ಎಂದು ಹೊಸಬರು ಕೇಳಿದಾಗ ನಾನು ಹೇಳುವುದು ಇಷ್ಟೇ. ನೆಟ್ ಹೋದರೆ ಈ ಕೆಲಸ ಎಷ್ಟು ಹೊತ್ತು ಕಾಯಬಹುದು, ನೋಡಿ. ಕಂಪ್ರೆಸರ್ ಕಾಯುವ ಹಾಗಿಲ್ಲ, ಅದು ಎಡ್ಜ್‌ನಲ್ಲಿರಲಿ. ಚೀಟಿ ಅರ್ಧ ನಿಮಿಷ ಕಾಯಬಹುದು, ಅರ್ಧ ದಿನ ಕಾಯದು. ಹಾಗಾಗಿ ದರಪಟ್ಟಿಯ ಒಂದು ಪ್ರತಿ ಕಾರ್ಯದರ್ಶಿಯವರ ಕೋಣೆಯ ಫಾಗ್ ಪೆಟ್ಟಿಗೆಯಲ್ಲಿ ಇರಬೇಕು. ರೈತರ ಬ್ಯಾಂಕ್ ಖಾತೆಗೆ ದುಡ್ಡು ಹಾಕುವ ಕೆಲಸ ಒಂದೆರಡು ದಿನ ಕಾದೀತು, ಅದು ಕ್ಲೌಡ್‌ಗೆ ಹೋಗಲಿ.

ಎಲ್ಲವನ್ನೂ ಮೇಲೆ ಕಳಿಸುವ ಅಗತ್ಯವೂ ಇಲ್ಲ. ಸೆಕೆಂಡಿಗೊಮ್ಮೆ ಉಷ್ಣತೆ ಅಳೆದರೆ ಒಂದು ಟ್ಯಾಂಕಿನಿಂದ ದಿನಕ್ಕೆ 86,400 ಅಳತೆ. ನಿಮಿಷದ ಸರಾಸರಿ ಮಾತ್ರ ಕಳಿಸಿದರೆ 1,440. ಸಾಮಾನ್ಯ ದಿನಗಳಿಗೆ ಅಷ್ಟು ಸಾಕು. ಏನಾದರೂ ಎಡವಟ್ಟಾದ ಹೊತ್ತಿನ ಪೂರ್ತಿ ವಿವರ ಮಾತ್ರ ಮೇಲೆ ಹೋಗಲಿ.

ಮೂರೂ ಹಂತ ಸೇರಿ ದುಡಿಯುವುದು ಚೆನ್ನಾಗಿ ಕಾಣುವುದು ಕಂಪ್ರೆಸರ್ ವಿಷಯದಲ್ಲಿ. ಅಷ್ಟೇ ಹಾಲನ್ನು ತಣ್ಣಗೆ ಮಾಡಲು ಕಂಪ್ರೆಸರ್ ದಿನೇ ದಿನೇ ಜಾಸ್ತಿ ಹೊತ್ತು ಓಡುತ್ತಿದ್ದರೆ ಗ್ಯಾಸ್ ಸೋರುತ್ತಿರಬಹುದು, ಕಾಯಿಲ್‌ನಲ್ಲಿ ಧೂಳು ಕಟ್ಟಿರಬಹುದು. ಒಂದೇ ಊರಿನ ಲೆಕ್ಕ ನೋಡಿದರೆ ಇದು ಬೇಗ ಗೊತ್ತಾಗುವುದಿಲ್ಲ. ಬಹಳ ಊರುಗಳ ಲೆಕ್ಕ ಒಟ್ಟಿಗೆ ಇರುವ ಕ್ಲೌಡ್‌ನಲ್ಲಿ, ಇಂಥ ಏರುಪೇರು ಗುರುತಿಸುವ ಒಂದು ಮಾದರಿಗೆ, ಅಂದರೆ ಲೆಕ್ಕ ನೋಡಿ ಕಲಿಯುವ ಪ್ರೋಗ್ರಾಮಿಗೆ, ಕಲಿಸುತ್ತೇವೆ. ಕಲಿತ ಮಾದರಿಯನ್ನು ಫಾಗ್ ಪೆಟ್ಟಿಗೆಗೆ ಇಳಿಸುತ್ತೇವೆ. ಆಮೇಲೆ ನೆಟ್ ಇಲ್ಲದಿದ್ದರೂ ಅದು ಕಾರ್ಯದರ್ಶಿಯವರಿಗೆ ಎಚ್ಚರಿಕೆ ಕೊಡುತ್ತದೆ.

ಇಷ್ಟನ್ನು ಹಂಚಿಕೊಡುವುದು ಕಷ್ಟವಲ್ಲ. ನನ್ನ ನಿದ್ದೆ ಕೆಡಿಸಿದ್ದು ನೆಟ್ ವಾಪಸ್ ಬಂದ ಮೇಲಿನ ಗಳಿಗೆ.

ನಾವು ಮಾಹಿತಿ ಕಳಿಸಲು ಎಂಕ್ಯೂಟಿಟಿ ಬಳಸುತ್ತೇವೆ. 1999ರಲ್ಲಿ ತೈಲದ ಪೈಪ್‌ಲೈನ್‌ಗಳ ಮಾಹಿತಿಯನ್ನು ಉಪಗ್ರಹದ ಮೂಲಕ ಕಳಿಸಲು ಮಾಡಿದ ವಿಧಾನ ಅದು. ದುರ್ಬಲ ಲೈನ್‌ಗೆಂದೇ ಹುಟ್ಟಿದ್ದು. ಅದರಲ್ಲಿ 'ಕನಿಷ್ಠ ಒಂದು ಸಲ ತಲುಪಿಸು' ಎಂಬ ಆಯ್ಕೆ ಇದೆ. ಅಂದರೆ ಎರಡು ಸಲವೂ ತಲುಪಬಹುದು. ಒಬ್ಬರ 8 ಲೀಟರ್ ಹಾಲು 16 ಲೀಟರ್ ಅಂತ ದಾಖಲಾದರೆ ಹಾಲಿನ ದುಡ್ಡೂ ತಪ್ಪು, ಲೀಟರ್ ಲೆಕ್ಕದಲ್ಲಿ ಬರುವ ಸರ್ಕಾರದ ಪ್ರೋತ್ಸಾಹಧನವೂ ತಪ್ಪು. ಹಾಗಾಗಿ ಹಾಲು ಹಾಕಿದ ಜಾಗದಲ್ಲೇ, ಆ ಕ್ಷಣದಲ್ಲೇ ಪ್ರತಿ ದಾಖಲೆಗೂ ಒಂದು ನಂಬರ್ ಕೊಡಬೇಕು: ಸಂಘದ ಕೋಡ್, ಯಂತ್ರದ ಕೋಡ್, ಒಂದು ಏರುವ ಅಂಕಿ. ಅದೇ ನಂಬರ್ ಮತ್ತೆ ಬಂದರೆ ಕ್ಲೌಡ್ ಅದನ್ನು ಸುಮ್ನೆ ಬಿಟ್ಟುಬಿಡಬೇಕು.

ಗಡಿಯಾರವನ್ನೂ ನಂಬಬೇಡಿ. ಒಂದು ಪೆಟ್ಟಿಗೆಯೊಳಗಿನ ಬಟನ್ ಬ್ಯಾಟರಿ ಮುಗಿದಿತ್ತು. ಕರೆಂಟ್ ಹೋಗಿ ಬಂದಾಗ ಅದರ ತಾರೀಖು 1970ರ ಜನವರಿ 1ಕ್ಕೆ ಹೋಗಿ ಕೂತಿತ್ತು. ಅಂದಿನ ಹಾಲಿನ ಲೆಕ್ಕವೆಲ್ಲ ನಮ್ಮ ವರದಿಯಲ್ಲಿ ಕಾಣೆಯಾಯಿತು. ದಾಖಲೆಗಳ ಹಿಂದು ಮುಂದು ಹೇಳಿದ್ದು ಆ ಏರುವ ಅಂಕಿ ಮಾತ್ರ.

ಇನ್ನು, ಮೇಲಿನದಕ್ಕೂ ಕೆಳಗಿನದಕ್ಕೂ ಲೆಕ್ಕ ತಾಳೆಯಾಗದಿದ್ದರೆ ಯಾರ ಮಾತು ನಡೆಯಬೇಕು? ಎಷ್ಟು ಹಾಲು ಬಂತು, ಫ್ಯಾಟ್ ಎಷ್ಟು ಎಂಬುದರಲ್ಲಿ ಊರಿನ ಪೆಟ್ಟಿಗೆಯದೇ ಕೊನೆಯ ಮಾತು. ದರದಲ್ಲಿ ಕ್ಲೌಡ್‌ನದು. ಆದರೆ ಹೊಸ ದರಪಟ್ಟಿಯನ್ನು ಕೆಲವು ದಿನ ಮೊದಲೇ, ಯಾವ ತಾರೀಖಿನಿಂದ ಜಾರಿ ಎಂದು ಬರೆದು ಇಳಿಸಿಬಿಡಬೇಕು. ಆದರೂ ನೆಟ್ ಇಲ್ಲದೆ ಹಳೆಯ ದರದಲ್ಲಿ ಚೀಟಿ ಕೊಟ್ಟುಬಿಟ್ಟರೆ? ಆ ಚೀಟಿಯ ದಾಖಲೆಯನ್ನು ಕ್ಲೌಡ್ ತಿದ್ದಕೂಡದು, ವ್ಯತ್ಯಾಸವನ್ನು ಬೇರೆ ಸಾಲಾಗಿ ಬರೆಯಬೇಕು. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಹಾಲು ಹಾಕಿ ಹೋದ ಅಮ್ಮನ ಕೈಯಲ್ಲಿರುವ ಚೀಟಿ ಒಂದು ಹೇಳಿ, ನಮ್ಮ ಸರ್ವರ್ ಇನ್ನೊಂದು ಹೇಳಿದರೆ ಅವರು ಯಂತ್ರವನ್ನು ಮತ್ತೆ ಯಾಕೆ ನಂಬಬೇಕು?

ಎಲ್ಲ ಕಡೆ ಮೂರೂ ಹಂತ ಬೇಕಿಲ್ಲ. ಒಂದೇ ತೋಟ, ಒಂದೇ ಪಂಪ್‌ಸೆಟ್ ಇದ್ದರೆ ಎಡ್ಜ್ ಮತ್ತು ಕ್ಲೌಡ್ ಸಾಕು. ನಡುವಿನ ಪೆಟ್ಟಿಗೆ ಅಂದರೆ ಅಪ್‌ಡೇಟ್ ಮಾಡಬೇಕಾದ, ಧೂಳಿನಿಂದ, ಕಳ್ಳರಿಂದ ಕಾಯಬೇಕಾದ ಇನ್ನೊಂದು ಕಂಪ್ಯೂಟರ್.

ಈಗ ಹೊಸ ಊರಲ್ಲಿ ಪೆಟ್ಟಿಗೆ ಕೂರಿಸಿದ ದಿನವೇ ನಾವು ನೆಟ್ಟಿನ ತಂತಿ ಕಿತ್ತು ಸಂಜೆಯ ಹಾಲು ಹಾಕಿಸಿಕೊಳ್ಳುತ್ತೇವೆ. ನಡುವೆ ಒಮ್ಮೆ ಕರೆಂಟನ್ನೂ ತೆಗೆಯುತ್ತೇವೆ. ಬೆಳಿಗ್ಗೆ ತಂತಿ ಸಿಕ್ಕಿಸಿ, ಕಾರ್ಯದರ್ಶಿಯವರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಲೆಕ್ಕವನ್ನೂ ಕ್ಲೌಡ್‌ನ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು, ಸಾಲು ಸಾಲಾಗಿ ತಾಳೆ ನೋಡುತ್ತೇವೆ.