‘ಒಬ್ರಿಗಾದು’ ಪದದೊಳಗಿನ ರಕಾರ

ಶಾಲೆಯಿಂದ ಬಂದ ಚೀಟಿಯಲ್ಲಿ ಎರಡೇ ಪದ ಇತ್ತು: ‘ಫಾಲ ಮಾಲ್’. ಪೋರ್ಚುಗೀಸಿನಲ್ಲಿ ಕೆಟ್ಟದಾಗಿ ಮಾತಾಡುತ್ತಾನೆ ಅಂತ ಅರ್ಥ.

ಹುಡುಗನಿಗೆ ಆರು ವರ್ಷ. ಮನೆಯವರು ಬ್ರೆಜಿಲಿನ ಮಿನಾಸ್ ಜೆರಾಯಿಸ್ ರಾಜ್ಯದ ಹಳ್ಳಿ ಕಡೆಯವರು. ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿಗೆ ಬಂದು ಎರಡು ವರ್ಷವಾಗಿತ್ತು. ನಾನು ಸೈಕಲ್ ಚಿತ್ರ ತೋರಿಸಿದೆ. ‘ಬಿಸಿಕ್ರೆತ’ ಅಂದ. ಪುಸ್ತಕದ ಪ್ರಕಾರ ಅದು ‘ಬಿಸಿಕ್ಲೆತ’. ಗಿಡದ ಚಿತ್ರ ತೋರಿಸಿದೆ. ‘ಪ್ರಾಂತ’ ಅಂದ. ಅದು ‘ಪ್ಲಾಂತ’ ಆಗಬೇಕಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಮೊಮ್ಮಗನ ತಲೆ ಸವರಿ, ‘ಹೌದು ಮರಿ, ಬಿಸಿಕ್ರೆತ’ ಅಂದರು. ಅವರ ಬಾಯಲ್ಲೂ ರಕಾರವೇ.

ನಾನು ಮೈಸೂರಿನಲ್ಲಿ ಮಾತಿನ ಚಿಕಿತ್ಸೆ ಓದಿದವಳು. ಈಗ ಲಿಸ್ಬನ್ನಿನಲ್ಲಿ ಮಕ್ಕಳ ಜೊತೆ ಇದೇ ಕೆಲಸ ಮಾಡುತ್ತೇನೆ. ಇಲ್ಲಿ ನಮ್ಮನ್ನು ‘ತೆರಪೆವ್ತ ದ ಫಾಲ’ ಅಂತಾರೆ. ಬ್ರೆಜಿಲಿನವರು ಪ್ರೀತಿಯಿಂದ ‘ಫೋನೊ’ ಅಂತ ಚಿಕ್ಕದು ಮಾಡಿ ಕರೆಯುತ್ತಾರೆ. ಅಲ್ಲಿ 1981ರಲ್ಲೇ ಈ ವೃತ್ತಿಗೆ ಕಾನೂನಿನ ಮಾನ್ಯತೆ ಸಿಕ್ಕಿತು. ನನ್ನ ಬಳಿ ಬರುವ ಅಪ್ಪ ಅಮ್ಮಂದಿರು ಕಾಯಿಲೆಯ ಹೆಸರು ಹೇಳುವುದಿಲ್ಲ. ಬೀದಿಯ ಪದ ಹೇಳುತ್ತಾರೆ. ಆ ಪದಗಳನ್ನು ಬಿಡಿಸಿ ನೋಡುವುದೇ ನನ್ನ ಅರ್ಧ ಕೆಲಸ.

‘ಸೊಪಿನ್ಯ ದ ಮಾಸ್ಸ’ ಅನ್ನುವುದನ್ನೇ ತೆಗೆದುಕೊಳ್ಳಿ. ಪದಕ್ಕೆ ಪದ ಇಟ್ಟರೆ ಶಾವಿಗೆ ಹಾಕಿದ ಸೂಪು. ಪೋರ್ಚುಗಲ್ಲಿನಲ್ಲಿ ಸಕಾರ ಹೇಳುವಾಗ ನಾಲಿಗೆ ಹಲ್ಲಿನ ನಡುವೆ ಬರುವ ಮಗುವಿಗೆ ಇದೇ ಹೆಸರು. ಆ ಹೆಸರಿನಲ್ಲೇ ಸಕಾರ ಎರಡು ಸಲ ಬರುತ್ತದೆ ನೋಡಿ. ‘ಎಲ್ಲಿ, ಸೊಪಿನ್ಯ ದ ಮಾಸ್ಸ ಅನ್ನು’ ಅಂತ ಯಾರಾದರೂ ಕೇಳಿದರೆ ಮಗು ಅಲ್ಲೇ ಸಿಕ್ಕಿಬೀಳುತ್ತದೆ. ಪುಸ್ತಕದಲ್ಲಿ ಇದಕ್ಕೆ ‘ಸೆಸೇಯು’ ಅನ್ನುವ ಹೆಸರಿದೆ. ಅದರಲ್ಲೂ ಸಕಾರ ಎರಡು. ಈ ತೊಂದರೆಗಳ ಹೆಸರುಗಳೆಲ್ಲ ಹೀಗೇ. ಮೂಗಿನಲ್ಲಿ ಮಾತಾಡುವವರನ್ನು ‘ಫನ್ಯೋಜು’ ಅಂತಾರೆ, ಹೇಳುವಾಗಲೇ ಗಾಳಿ ಮೂಗಿಗೆ ಏರುತ್ತದೆ. ಅಕ್ಷರ ಅದಲುಬದಲು ಮಾಡಿ ತೊದಲುವವರಿಗೆ ‘ತಾತಿಬಿತಾತಿ’ ಅನ್ನುವ ಪದ ಇದೆ. ಎಲ್ಲವೂ ಅಣಕು ಮಾಡುತ್ತಲೇ ಹುಟ್ಟಿದ ಪದಗಳ ಹಾಗೆ ನನಗೆ ಕೇಳುತ್ತವೆ. ಇವುಗಳ ನಡುವೆ ‘ಲಿಂಗ್ವ ದ ತ್ರಾಪುಶ್’ ಒಂದು ಮಾತ್ರ ನನಗೆ ಇಷ್ಟ. ಚಿಂದಿ ಬಟ್ಟೆಯ ನಾಲಿಗೆ ಅಂತ. ಆಗಷ್ಟೇ ಮಾತು ಕಲಿಯುತ್ತಿರುವ ಪುಟ್ಟ ಮಗುವಿನ ತೊದಲಿಗೆ ಇದನ್ನು ಬಳಸುತ್ತಾರೆ. ಅಜ್ಜಿಯರ ಬಾಯಲ್ಲಿ ಕೇಳಬೇಕು, ಬೈಗುಳ ಅನಿಸುವುದೇ ಇಲ್ಲ.

ಜಾಸ್ತಿ ನೋವು ಕೊಡುವ ಪದ ‘ಗಾಗು’. ಅಂದರೆ ಉಗ್ಗುವವನು. ಪದವೇ ಉಗ್ಗುತ್ತದೆ, ಗಾ-ಗು. ಉಗ್ಗುವ ಎಷ್ಟೋ ಮಕ್ಕಳಿಗೆ ಪದದ ಮೊದಲ ಅಕ್ಷರದಲ್ಲೇ ತಡೆ. ಅಂಥ ಮಗುವಿಗೆ ತನ್ನ ತೊಂದರೆಯ ಹೆಸರು ಹೇಳುವುದೇ ಎಲ್ಲಕ್ಕಿಂತ ಕಷ್ಟ. ಉಗ್ಗುವಿಕೆಗೆ ಪೋರ್ಚುಗಲ್ಲಿನಲ್ಲಿ ‘ಗಗೇಶ್’, ಬ್ರೆಜಿಲಿನಲ್ಲಿ ‘ಗಗೇರ’. ವೈದ್ಯರ ಪುಸ್ತಕದಲ್ಲಿ ‘ದಿಸ್ಫೆಮೀಯ’. ಕೆಲವು ಪೋಷಕರು ಈ ಕೊನೆಯ ಪದವನ್ನೇ ಬಯಸುತ್ತಾರೆ, ಅದರಲ್ಲಿ ಗಾಯ ಕಾಣುವುದಿಲ್ಲ ಅಂತ. ನಾನು ಒಪ್ಪುವುದಿಲ್ಲ. ಮಗುವಿಗೆ ಅರ್ಥವಾಗದ ಹೆಸರಿನ ಹಿಂದೆ ತೊಂದರೆಯನ್ನು ಬಚ್ಚಿಟ್ಟರೆ, ಅದು ನಾಚಿಕೆ ಪಡಬೇಕಾದದ್ದು ಅಂತ ಮಗು ತಿಳಿಯುತ್ತದೆ. ‘ಗಗೇಶ್’ ಅಂತಲೇ ಹೇಳೋಣ, ಆದರೆ ವಾಕ್ಯ ಬದಲಾಯಿಸೋಣ ಅಂತೀನಿ. ಪೋರ್ಚುಗೀಸಿನಲ್ಲಿ ‘ಎಲ್ ಎ ಗಾಗು’ ಅಂದರೆ ಅವನು ಉಗ್ಗ, ಹುಟ್ಟಿನಿಂದ ಸಾಯುವ ತನಕ ಅವನ ಗುಣವೇ ಅದು ಅನ್ನುವ ಧಾಟಿ. ‘ಎಲ್ ಗಗೇಜ’ ಅಂದರೆ ಅವನು ಉಗ್ಗುತ್ತಾನೆ. ಅಷ್ಟೇ. ಕನ್ನಡದಲ್ಲೂ ‘ಉಗ್ಗ’ ಅನ್ನುವುದಕ್ಕೂ ‘ಉಗ್ಗುತ್ತಾನೆ’ ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಇದೆ, ಅಲ್ವಾ? ಒಂದು ಮನುಷ್ಯನ ಹೆಸರು, ಇನ್ನೊಂದು ಅವನು ಆಗಾಗ ಮಾಡುವ ಒಂದು ಕೆಲಸ.

ಈ ಪದದ ಬಗ್ಗೆ ಮಕ್ಕಳಿಗೆ ನಾನೊಂದು ಕತೆ ಹೇಳುತ್ತೇನೆ. ಲಿಸ್ಬನ್ ವಿಮಾನ ನಿಲ್ದಾಣದ ಹತ್ತಿರದಿಂದ ಊರೊಳಗೆ ಬರುವ ದೊಡ್ಡ ರಸ್ತೆಗೆ ಅಡ್ಮಿರಲ್ ಗಾಗು ಕೌತಿನ್ಯು ಅವರ ಹೆಸರು. 1922ರಲ್ಲಿ ಇವರು ಮತ್ತು ಸಕದೂರ ಕಬ್ರಾಲ್ ಲಿಸ್ಬನ್ನಿನಿಂದ ರಿಯೋ ದಿ ಜನೈರೋಗೆ ವಿಮಾನದಲ್ಲಿ ಹೋದರು. ದಕ್ಷಿಣ ಅಟ್ಲಾಂಟಿಕ್ ಸಾಗರವನ್ನು ಗಾಳಿಯಲ್ಲಿ ದಾಟಿದ ಮೊದಲಿಗರು ಇವರು. ದಾರಿಯಲ್ಲಿ ಎರಡು ವಿಮಾನ ಕಳೆದುಕೊಂಡರು, ಮೂರನೆಯದರಲ್ಲಿ ಗುರಿ ಮುಟ್ಟಿದರು. ಪೋರ್ಚುಗಲ್ಲಿನ ದಕ್ಷಿಣದ ಫಾರು ವಿಮಾನ ನಿಲ್ದಾಣಕ್ಕೂ 2022ರಲ್ಲಿ ಇವರ ಹೆಸರನ್ನೇ ಇಟ್ಟರು. ‘ಗಾಗು’ ಅನ್ನುವುದು ಅವರ ಮನೆತನದ ಹೆಸರು. ಇದನ್ನು ಹೇಳಿದಾಗ ಎಂಟು ವರ್ಷದ ಒಬ್ಬ ಹುಡುಗ ಆ ಹೆಸರನ್ನು ಹೇಳಲು ಹೊರಟ. ಗಕಾರದಲ್ಲಿ ನಿಂತ. ನಾವಿಬ್ಬರೂ ಕಾದೆವು. ಪೂರ್ತಿ ಹೇಳಿದ. ಅವನ ಅಮ್ಮ ಪಕ್ಕದಲ್ಲಿ ‘ಕಾಲ್ಮ, ಕಾಲ್ಮ’ ಅನ್ನುತ್ತಿದ್ದರು, ಸಮಾಧಾನ ಸಮಾಧಾನ ಅಂತ. ಪ್ರೀತಿಯಿಂದಲೇ ಹೇಳುವ ಮಾತು ಅದು. ಆದರೆ ಅದು ಬೇಡ. ಉಗ್ಗುವಿಕೆ ಅವಸರದಿಂದ ಬಂದದ್ದಲ್ಲ, ಹೆದರಿಕೆಯಿಂದ ಬಂದದ್ದಲ್ಲ, ಇನ್ನೊಬ್ಬರನ್ನು ನೋಡಿ ಕಲಿತದ್ದೂ ಅಲ್ಲ. ಮಾತಿನ ಲಯವನ್ನು ಹೊಂದಿಸುವ ಕೆಲಸ ಮೆದುಳಿನಲ್ಲಿ ನಡೆಯುತ್ತದೆ. ಅಲ್ಲಿ ಆಗುವ ವ್ಯತ್ಯಾಸ ಇದು. ಎಷ್ಟೋ ಮನೆತನಗಳಲ್ಲಿ ತಲೆಮಾರಿನಿಂದ ಬರುತ್ತದೆ. ನೀವು ಸುಮ್ನೆ ಕಣ್ಣಲ್ಲಿ ಕಣ್ಣಿಟ್ಟು ಕಾದರೆ ಸಾಕು. ವಾಕ್ಯವನ್ನು ನೀವೇ ಮುಗಿಸಿಕೊಡಬೇಡಿ.

ಇನ್ನೊಂದು ಪದ ‘ಲಿಂಗ್ವ ಪ್ರೇಜ’, ಕಟ್ಟಿಹಾಕಿದ ನಾಲಿಗೆ. ಇದರಿಂದ ಆಗುವ ಗೊಂದಲ ದೊಡ್ಡದು. ನಾಲಿಗೆಯ ಅಡಿಯಲ್ಲಿ ಒಂದು ತೆಳು ಪಟ್ಟಿ ಇರುತ್ತದೆ. ಅದನ್ನು ಪೋರ್ಚುಗೀಸಿನಲ್ಲಿ ‘ಫ್ರೇಯು’ ಅಂತಾರೆ. ಕುದುರೆಯ ಕಡಿವಾಣಕ್ಕೂ ಅದೇ ಪದ. ಕೆಲವು ಕೂಸುಗಳಿಗೆ ಅದು ತುಂಬ ಗಿಡ್ಡ ಇರುತ್ತದೆ. ಮೊದಲು ತೊಂದರೆ ಕಾಣುವುದು ಮೊಲೆಹಾಲು ಕುಡಿಯುವಾಗ. ಬ್ರೆಜಿಲಿನಲ್ಲಿ 2014ರ ಒಂದು ಕಾನೂನಿನ ಪ್ರಕಾರ, ಆಸ್ಪತ್ರೆಯಲ್ಲಿ ಹುಟ್ಟಿದ ಪ್ರತಿ ಕೂಸಿನ ನಾಲಿಗೆಯ ಅಡಿಯನ್ನು ನೋಡಲೇಬೇಕು. ‘ತೆಸ್ಟಿ ದ ಲಿಂಗ್ವಿನ್ಯ’ ಅಂತ ಅದಕ್ಕೆ ಮುದ್ದಾದ ಹೆಸರು, ಪುಟ್ಟ ನಾಲಿಗೆಯ ಪರೀಕ್ಷೆ. ಆದರೆ ಬ್ರೆಜಿಲಿನ ಜನ ಸಕಾರ ಜಾರುವ ಎಲ್ಲರಿಗೂ ‘ಲಿಂಗ್ವ ಪ್ರೇಜ’ ಅಂದುಬಿಡುತ್ತಾರೆ. ಅವರಲ್ಲಿ ಬಹಳ ಜನರ ನಾಲಿಗೆ ಎಲ್ಲೂ ಕಟ್ಟಿಕೊಂಡಿರುವುದಿಲ್ಲ. ಹಲ್ಲಿನ ಸಂದಿಯಿಂದ ನಾಲಿಗೆ ಹೊರಗೆ ಬರುತ್ತಿದೆ ಅಂದರೆ ಅದು ಸಡಿಲವಾಗೇ ಇರುವ ಸಾಧ್ಯತೆ ಹೆಚ್ಚಲ್ಲವೇ? ಆದರೂ ಹೆಸರು ಕೇಳಿ ಪೋಷಕರು ‘ಕತ್ತರಿಸಿಬಿಡಿ’ ಅಂತ ಬರುತ್ತಾರೆ. ನಮ್ಮೂರಿನಲ್ಲಿ ನಾಲಿಗೆಗೆ ಬಜೆ ತೇಯ್ದು ಹಚ್ಚಿದರೆ ಮಾತು ಸ್ಪಷ್ಟ ಆಗುತ್ತದೆ ಅನ್ನುವ ನಂಬಿಕೆ ಇದೆಯಲ್ಲ, ಹಾಗೆಯೇ ಇದೂ ಕೂಡ. ತೊಂದರೆ ನಾಲಿಗೆ ಅನ್ನುವ ಮಾಂಸದಲ್ಲೇ ಇದೆ ಅನ್ನುವ ನಂಬಿಕೆ.

ರಕಾರದ ಕತೆ ಬೇರೆ. ಪೋರ್ಚುಗೀಸ್ ಮಕ್ಕಳಿಗೆ ತಡವಾಗಿ ಬರುವ ಸದ್ದುಗಳಲ್ಲಿ ಇದೂ ಒಂದು. ‘ಪ್ರ’, ‘ತ್ರ’ ಥರದ ಒತ್ತಕ್ಷರಗಳಂತೂ ಎಲ್ಲಕ್ಕಿಂತ ಕೊನೆಗೆ ಬರುತ್ತವೆ. ಮೂರು ವರ್ಷದ ಮಗು ರಕಾರದ ಬದಲು ಲಕಾರ ಹೇಳಿದರೆ ನನ್ನ ಬಳಿ ಓಡಿ ಬರುವುದು ಬೇಡ. ಬ್ರೆಜಿಲಿನಲ್ಲಿ ಇಂಥ ಮಗುವಿಗೆ ‘ಸೆಬೊಲಿನ್ಯನ ಥರ ಮಾತಾಡುತ್ತೆ’ ಅಂತಾರೆ. ಸೆಬೊಲಿನ್ಯ ಅಂದರೆ ಪುಟ್ಟ ಈರುಳ್ಳಿ. ಮೌರಿಸಿಯೊ ದ ಸೋಜ 1960ರಲ್ಲಿ ಬರೆದ ಕಾಮಿಕ್ಸ್ ಹುಡುಗ, ತಲೆ ಮೇಲೆ ಐದೇ ಕೂದಲು, ರಕಾರ ಬಾರದು. ಇಡೀ ದೇಶ ಅವನನ್ನು ಪ್ರೀತಿಸುತ್ತದೆ. ಅವನ ಹೆಸರು ಹೇಳಿದಾಗ ಮಕ್ಕಳ ಮುಖ ಅರಳುವುದನ್ನು ಕಂಡಿದ್ದೇನೆ. ಆದರೆ ಎಂಟೊಂಬತ್ತು ವರ್ಷದ ಮಗುವನ್ನು ತರಗತಿಯೆಲ್ಲ ಆ ಹೆಸರಿನಿಂದ ಕರೆದರೆ ಅದೇ ಮುಖ ಬಾಡುತ್ತದೆ. ಆಗ ಚಿಕಿತ್ಸೆ ಬೇಕು, ಮತ್ತು ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ. ಕೊನೆಗೆ ನಾಲಿಗೆ ತಿರುಗಲು ‘ರಾಟು ರೊಯೆವ್’ ಅಂತ ಶುರುವಾಗುವ, ರಾಜನ ಸೀಸೆಯ ಬಿರಡೆ ಕಡಿದ ಇಲಿಯ ಸಾಲು ಹೇಳಿಸುತ್ತೇವೆ. ನಮ್ಮ ತರೀಕೆರೆ ಏರಿ ಮೇಲಿನ ಮೂರು ಕರಿ ಕುರಿಮರಿ ಇದ್ದ ಹಾಗೆ.

ಈಗ ಆ ಚೀಟಿಯ ಹುಡುಗನ ವಿಷಯಕ್ಕೆ ಬರುತ್ತೇನೆ. ಅವನು ‘ಲೂಅ’ ಅಂದ, ಚಂದ್ರ. ಲಕಾರ ಚೆನ್ನಾಗಿತ್ತು. ‘ಬೋಲ’ ಅಂದ, ಚೆಂಡು. ಚೆನ್ನಾಗಿತ್ತು. ‘ಪ್ರಾತು’ ಅಂದ, ತಟ್ಟೆ. ರಕಾರವೂ ಸರಿ. ‘ನನ್ನ ಹಾಗೆ ಹೇಳು, ಪ್ಲಾಂತ’ ಅಂದೆ. ಹೇಳಿದ. ಆಮೇಲೆ ಆಟಕ್ಕೆ ಕೂತು ಮತ್ತೆ ‘ಪ್ರಾಂತ’ ಅಂದ. ಅವನ ಬಾಯಿಗೆ ಏನೂ ಆಗಿಲ್ಲ. ಪಕಾರ, ಕಕಾರ, ಬಕಾರ, ಫಕಾರದ ಜೊತೆ ಬರುವ ಲಕಾರ ರಕಾರವಾಗುವುದು ಅವನ ಮನೆಯ ಮಾತಿನ ನಿಯಮ. ಬ್ರೆಜಿಲಿನ ಕೋಟ್ಯಂತರ ಜನ ಹೀಗೆ ಮಾತಾಡುತ್ತಾರೆ. ಫ್ಲಮೆಂಗು ಫುಟ್‌ಬಾಲ್ ತಂಡವನ್ನು ‘ಫ್ರಮೆಂಗು’ ಅಂತಾರೆ.

ಇದು ಹೊಸ ಚಾಳಿಯೂ ಅಲ್ಲ. ಪೋರ್ಚುಗೀಸರು ದಿನಕ್ಕೆ ನೂರು ಸಲ ಹೇಳುವ ‘ಒಬ್ರಿಗಾದು’, ಅಂದರೆ ಧನ್ಯವಾದ, ಲ್ಯಾಟಿನ್ನಿನಲ್ಲಿ ‘ಒಬ್ಲಿಗಾತುಸ್’ ಆಗಿತ್ತು. ಅದರ ಲಕಾರ ರಕಾರ ಆದದ್ದು ಇದೇ ದಾರಿಯಲ್ಲಿ. ಕಡಲತೀರದ ‘ಪ್ರಾಯ’, ಲವಂಗದ ‘ಕ್ರಾವು’, ಬಿಳಿ ಬಣ್ಣದ ‘ಬ್ರಾಂಕು’, ಎಲ್ಲವೂ ಹೀಗೆಯೇ. ಚರ್ಚಿಗೆ ‘ಇಗ್ರೇಜ’ ಅಂತಾರೆ. ಮಂಗಳೂರು ಕಡೆಯವರು ‘ಇಗರ್ಜಿ’ ಅನ್ನುವಾಗ ಬಾಯಿಗೆ ಬರುವ ರಕಾರವೂ ಲ್ಯಾಟಿನ್ನಿನ ‘ಎಕ್ಲೇಸಿಯ’ ಅನ್ನುವ ಪದದ ಲಕಾರವೇ. 1572ರಲ್ಲಿ ಅಚ್ಚಾದ ‘ಉಜ್ ಲುಜೀಅದಶ್’ ಪೋರ್ಚುಗೀಸರ ಮಹಾಕಾವ್ಯ. ಅದರಲ್ಲಿ ಕವಿ ಕಮೋಂಯ್ಶ್ ಗಿಡಕ್ಕೆ ‘ಪ್ರಾಂತ’ ಅಂತಲೇ ಬರೆದಿದ್ದಾರೆ. ಬಾಣಕ್ಕೆ ‘ಫ್ಲೆಶ’ ಅನ್ನದೆ ‘ಫ್ರೆಶ’ ಅಂದಿದ್ದಾರೆ. ಆ ಕಾವ್ಯವನ್ನು ಇಲ್ಲಿನ ಮಕ್ಕಳು ಶಾಲೆಯಲ್ಲಿ ಓದುತ್ತಾರೆ.

ನಾಲ್ಕು ನೂರು ವರ್ಷ ಕಳೆದು 1973ರಲ್ಲಿ, ಬ್ರೆಜಿಲಿನ ಸಾಂಬಾ ಕವಿ ಅದೊನಿರಾನ್ ಬರ್ಬೋಜ ಅವರ ಒಂದು ಹಾಡು ಸೆನ್ಸಾರ್ ಮುಂದೆ ಬಂತು. ಸಾವೊ ಪಾವ್ಲೊ ನಗರದ ಬಡ ಬಡಾವಣೆಗಳ ಜನ ಮಾತಾಡುವ ಹಾಗೇ ಅವರು ಹಾಡು ಕಟ್ಟುತ್ತಿದ್ದರು. ನಿನ್ನ ನೋಟದ ಬಾಣದೇಟು ಅನ್ನುವಲ್ಲಿ ಅವರೂ ‘ಫ್ರೆಶಾದ’ ಅಂತ ಬರೆದಿದ್ದರು. ಸೈನಿಕ ಆಡಳಿತದ ಕಾಲ ಅದು. ರಾಜಕೀಯ ಅದರಲ್ಲಿ ಏನೂ ಇರಲಿಲ್ಲ, ಪ್ರೇಮದ ಹಾಡು. ಪದಗಳು ತಪ್ಪು, ಅಭಿರುಚಿ ಇಲ್ಲ ಅಂತ ಹಾಡನ್ನೇ ತಡೆದರು. ಮಹಾಕವಿಯ ಬಾಣ, ಬಡವರ ಬಾಣ, ಎರಡರಲ್ಲೂ ಅದೇ ರಕಾರ. ಈ ಎರಡನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದ ದಿನದಿಂದ ‘ಫಾಲ ಮಾಲ್’ ಅನ್ನುವ ಪದ ನನ್ನ ವರದಿಗಳಲ್ಲಿ ಒಮ್ಮೆಯೂ ಬಂದಿಲ್ಲ.

ಓದಿದವರ ತಪ್ಪಿಗೆ ಮಾತ್ರ ಮರ್ಯಾದೆಯ ಹೆಸರು ಇದೆ. ಪದದ ಒತ್ತು ತಪ್ಪಿದ ಅಕ್ಷರಕ್ಕೆ ಬಿದ್ದರೆ ಅದನ್ನು ‘ಸಿಲಬಾದ’ ಅಂತಾರೆ. ‘ರುಬ್ರೀಕ’ ಅನ್ನಬೇಕಾದ ಕಡೆ ‘ರೂಬ್ರಿಕ’ ಅನ್ನುವುದು ವಕೀಲರಿಂದಲೂ ಆಗುತ್ತದೆ. ಅವರನ್ನು ಯಾರೂ ನನ್ನ ಬಳಿ ಕಳಿಸುವುದಿಲ್ಲ. ಉತ್ತರದ ಪೋರ್ತು ನಗರದ ಕಡೆಯವರು ವಕಾರವನ್ನು ಬಕಾರ ಮಾಡಿ ವೈನಿಗೆ ‘ಬಿನ್ಯು’ ಅಂತಾರೆ. ಲಿಸ್ಬನ್ನಿನವರು ನಗುತ್ತಾರೆ. ನಮ್ಮ ‘ವರ್ಣ’ ‘ಬಣ್ಣ’ವಾಗಿ, ‘ವಸತಿ’ ‘ಬಸದಿ’ಯಾಗಿ ಎಷ್ಟು ಕಾಲವಾಯಿತು. ಹಾಗಂತ ನಾವೂ ಕಡಿಮೆಯಿಲ್ಲ. ಹಾಲಿಗೆ ‘ಆಲು’ ಅಂದ ಮಗುವನ್ನು ತರಗತಿಯಲ್ಲಿ ನಿಲ್ಲಿಸಿ ಉಳಿದವರನ್ನು ನಗಿಸಿದ್ದನ್ನು ನಾನು ಚಿಕ್ಕವಳಿದ್ದಾಗ ಕಣ್ಣಾರೆ ಕಂಡಿದ್ದೇನೆ. ಆ ‘ಹಾಲು’ ಹಳಗನ್ನಡದಲ್ಲಿ ‘ಪಾಲ್’ ಆಗಿತ್ತು ಅಂತ ಅಂದು ಯಾರೂ ಹೇಳಲಿಲ್ಲ.

ನನ್ನ ಬಾಯಿಗೂ ಇಲ್ಲಿ ಕಷ್ಟವಾಗಿದೆ. ಬಂದ ಹೊಸತರಲ್ಲಿ ಬೇಕರಿಯಲ್ಲಿ ‘ಪಾವ್’ ಕೊಡಿ ಅಂದಿದ್ದೆ. ನಮ್ಮ ಪಾವ್ ಭಾಜಿಯ ಪಾವ್ ಪೋರ್ಚುಗೀಸ್ ಪದವೇ ತಾನೇ ಅನ್ನುವ ಧೈರ್ಯ. ಆದರೆ ಬ್ರೆಡ್ಡಿಗೆ ಮೂಗಿನಿಂದ ‘ಪಾಂವ್’ ಅನ್ನಬೇಕು. ‘ಪಾವ್’ ಅಂದರೆ ಕೋಲು. ಅಜ್ಜಿ ಮತ್ತು ಅಜ್ಜನನ್ನು ಬೇರೆ ಮಾಡುವುದು ಕೊನೆಯ ಸ್ವರ ಒಂದೇ. ಬಾಯಿ ಅಗಲಿಸಿ ‘ಅವೊ’ ಅಂದರೆ ಅಜ್ಜಿ, ಬಾಯಿ ಕಿರಿದು ಮಾಡಿ ಅಂದರೆ ಅಜ್ಜ. ನಮ್ಮ ಕಿವಿಗೆ ಎರಡೂ ಒಂದೇ. ಇದು ರೋಗ ಅಲ್ಲ. ಮೊದಲ ಭಾಷೆಯಲ್ಲಿ ಪಳಗಿದ ಕಿವಿ ಎರಡನೆಯ ಭಾಷೆಯನ್ನು ಕೇಳುವ ರೀತಿ ಇದು. ಆ ಬೇಕರಿಯಾಕೆ ನಗದೆ ಇನ್ನೊಮ್ಮೆ ಹೇಳಿಕೊಟ್ಟರು. ಮೂಗು ಮುಟ್ಟಿ ತೋರಿಸಿದರು.

ಶಾಲೆಗೆ ನಾನು ಬರೆದ ಉತ್ತರ ಒಂದು ಪುಟ. ಇವನ ಲಕಾರ, ರಕಾರ ಎರಡೂ ಆರೋಗ್ಯವಾಗಿವೆ, ಚಿಕಿತ್ಸೆ ಬೇಡ ಅಂತ ಬರೆದೆ. ಬರೆಯುವಾಗ ‘ಪ್ಲಾಂತ’ ಅಂತ ಬರೆಯಲಿ, ಅದು ಶಾಲೆಯ ರೂಪ ಅಂತ ಕಲಿಸಿ, ಅಜ್ಜಿಯ ರೂಪ ತಪ್ಪು ಅಂತ ಕಲಿಸಬೇಡಿ ಅಂತ ಕೇಳಿಕೊಂಡೆ. ‘ಒಬ್ರಿಗಾದು’ ಕತೆಯನ್ನೂ ಸೇರಿಸಿದೆ.

ಅದೇ ಟೀಚರ್ ಎರಡು ವಾರದ ಮೇಲೆ ಇನ್ನೊಂದು ಚೀಟಿ ಕಳಿಸಿದ್ದಾರೆ. ಈ ಸಲ ಎರಡು ಪದ ಅಲ್ಲ, ಐದಾರು ಸಾಲು. ಏಳು ವರ್ಷದ ಹುಡುಗಿ, ಸಕಾರ ಹೇಳುವಾಗ ನಾಲಿಗೆ ಹೊರಗೆ ಬರುತ್ತದೆ, ಮನೆಯಲ್ಲಿ ಬೇರೆ ಯಾರೂ ಹಾಗೆ ಹೇಳುವುದಿಲ್ಲವಂತೆ, ಇತ್ತೀಚೆಗೆ ಓದಲು ಎದ್ದು ನಿಲ್ಲುವುದಕ್ಕೇ ಒಪ್ಪುತ್ತಿಲ್ಲ, ಒಮ್ಮೆ ನೋಡುತ್ತೀರಾ ಅಂತ. ಗುರುವಾರ ಬರಲು ಹೇಳಿದ್ದೇನೆ.