ಪಾಷಾಣದ ಗೀಳು ಮತ್ತು ವೈಟ್‌ಚಾಪೆಲ್‌ನ ಕೊಲೆಗಾರ

1888ರ ಆಗಸ್ಟ್ 31ರಿಂದ ನವೆಂಬರ್ 9ರ ನಡುವೆ ಲಂಡನ್ನಿನ ಪೂರ್ವ ಭಾಗದ ವೈಟ್‌ಚಾಪೆಲ್ ಸುತ್ತಮುತ್ತ ಐವರು ಬಡ ಹೆಂಗಸರ ಕೊಲೆಯಾಯಿತು. ಕೊಂದವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ‘ಜ್ಯಾಕ್ ದ ರಿಪ್ಪರ್’ ಅನ್ನೋದು ಸುದ್ದಿಸಂಸ್ಥೆಯೊಂದಕ್ಕೆ ಬಂದ ಕಾಗದದ ಕೆಳಗಿದ್ದ ಸಹಿ, ಅಷ್ಟೇ. ಹೆಸರಿಲ್ಲದ ಈ ಮನುಷ್ಯನಿಗೆ ಜನ ಬೇಕಾದಷ್ಟು ಮುಖ ಅಂಟಿಸಿದ್ದಾರೆ: ವೈದ್ಯ, ಕಟುಕ, ನಾವಿಕ, ಕೊನೆಗೆ ರಾಜಕುಮಾರ ಕೂಡ. ಇವರೆಲ್ಲರಿಗಿಂತ ನನಗೆ ಕುತೂಹಲ ಹುಟ್ಟಿಸುವವನು ಲಿವರ್‌ಪೂಲಿನ ಹತ್ತಿ ವ್ಯಾಪಾರಿ ಜೇಮ್ಸ್ ಮೇಬ್ರಿಕ್. ಅವನ ಮೇಲಿನ ಗುಮಾನಿಗೆ ಜೀವ ಬರೋದೇ ಒಂದು ಚಟದಿಂದ. ಅವನು ಪಾಷಾಣ, ಅಂದರೆ ಆರ್ಸೆನಿಕ್ ಅನ್ನೋ ವಿಷ, ತಿನ್ನುತ್ತಿದ್ದ.

1992ರಲ್ಲಿ ಲಿವರ್‌ಪೂಲಿನಲ್ಲಿ ಒಂದು ದಿನಚರಿ ಹೊರಬಂತು. ಹಳೆಯ ಪುಸ್ತಕ, ಮೊದಲ ಕೆಲವು ಹಾಳೆ ಕಿತ್ತಿವೆ, ಕೊನೆಯಲ್ಲಿ ರಿಪ್ಪರ್ ಸಹಿ. ಬರೆದವನು ಮೇಬ್ರಿಕ್ ಅಂತ ಓದುಗನಿಗೆ ಅನ್ನಿಸುವ ಹಾಗೆ ವಿವರಗಳಿವೆ. ಅದನ್ನು ಬೆಳಕಿಗೆ ತಂದವನೇ ಮುಂದೆ ‘ಇದು ಖೋಟಾ’ ಅಂದ, ಆಮೇಲೆ ಆ ಮಾತನ್ನೂ ಹಿಂದಕ್ಕೆ ತೆಗೆದುಕೊಂಡ. ಮೇಬ್ರಿಕ್‌ನದೆಂದು ಖಾತ್ರಿಯಿರುವ ಕೈಬರಹಕ್ಕೂ ದಿನಚರಿಯ ಬರಹಕ್ಕೂ ತಾಳೆಯಾಗುವುದಿಲ್ಲ. ನನ್ನ ಮಟ್ಟಿಗೆ ಅದು ಖೋಟಾನೇ. ಆದರೂ ಅದನ್ನು ನಂಬುವವರು ಇದ್ದಾರೆ. ಪಾಷಾಣ ತಲೆಗೇರಿತು, ಕೊಂದ. ಕೇಳೋಕೆ ಸಲೀಸಾಗಿದೆ, ಅಲ್ವಾ?

ಚಟ ಮಾತ್ರ ನಿಜ. ಮೇಬ್ರಿಕ್ 1889ರ ಮೇ 11ರಂದು ಸತ್ತ. ವಿಷ ಹಾಕಿದಳೆಂದು ಹೆಂಡತಿ ಫ್ಲಾರೆನ್ಸ್ ಮೇಲೆ ಆಗಸ್ಟ್‌ನಲ್ಲಿ ವಿಚಾರಣೆ ನಡೆಯಿತು. ಅಲ್ಲಿ ಒಬ್ಬ ಔಷಧದಂಗಡಿಯವನು ಸಾಕ್ಷಿ ಹೇಳಿದ: ಈ ಗಿರಾಕಿ ವರ್ಷಗಟ್ಟಲೆ ಅಂಗಡಿಗೆ ಬರುತ್ತಿದ್ದ, ಹುರುಪಿನ ಔಷಧಿಗೆ ಪಾಷಾಣದ ದ್ರಾವಣ ಬೆರೆಸಿಕೊಂಡು ಅಲ್ಲೇ ನಿಂತು ಕುಡಿಯುತ್ತಿದ್ದ. ಶುರುವಿನಲ್ಲಿ ನಾಲ್ಕು ಹನಿ, ಬರಬರುತ್ತಾ ಏಳು. ದಿನಕ್ಕೆ ಒಮ್ಮೆಯಲ್ಲ, ಹಲವು ಸಲ.

ಆ ದ್ರಾವಣ ಶೇಕಡಾ 1ರಷ್ಟು ಗಟ್ಟಿಯಿರುತ್ತಿತ್ತು. ಏಳು ಹನಿ ಅಂದರೆ ಹೆಚ್ಚುಕಡಿಮೆ 4 ಮಿಲಿಗ್ರಾಂ ಪಾಷಾಣ. ದಿನಕ್ಕೆ ಐದು ಸಲ ಕುಡಿದರೂ 20 ಮಿಲಿಗ್ರಾಂ. ಒಬ್ಬ ದೊಡ್ಡವನನ್ನು ಕೊಲ್ಲಲು ಸಾಮಾನ್ಯವಾಗಿ 100ರಿಂದ 200 ಮಿಲಿಗ್ರಾಂ ಸಾಕು. ಅಂದರೆ ಅವನು ಸಾವಿನ ಗೆರೆಯಿಂದ ದೂರವಿದ್ದ, ಆದರೆ ಬಹಳ ದೂರವೇನಲ್ಲ. ಹೀಗೆ ತಿಂದು ಬದುಕಿದವರು ಬೇರೆಯವರೂ ಇದ್ದರು. ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತದ ರೈತರು ದಮ್ಮು ಬರಲಿ, ಕೆನ್ನೆ ಕೆಂಪಾಗಲಿ ಅಂತ ಪಾಷಾಣ ತಿನ್ನುತ್ತಿದ್ದರು. ಯಾರೂ ನಂಬದಿದ್ದಾಗ 1875ರಲ್ಲಿ ಗ್ರಾಜ್ ನಗರದ ವಿಜ್ಞಾನಿಗಳ ಸಭೆಗೆ ಇಬ್ಬರನ್ನು ಕರೆತಂದು ಎಲ್ಲರೆದುರೇ ತಿನ್ನಿಸಿದರು. ಒಬ್ಬ 400 ಮಿಲಿಗ್ರಾಂ ಬಿಳಿ ಪಾಷಾಣ ನುಂಗಿದ. ಮರುದಿನ ಆರಾಮಾಗಿ ಬಂದು ನಿಂತ.

ಈಗ ಅಸಲಿ ಪ್ರಶ್ನೆ. ಪಾಷಾಣ ಮನುಷ್ಯನನ್ನು ಕೊಲೆಗಾರನನ್ನಾಗಿ ಮಾಡುತ್ತದೆಯೇ? ಹೆರಾಯಿನ್, ಕೊಕೇನ್ ಇವೆಲ್ಲ ಮೆದುಳಿನಲ್ಲಿ ಸುಖದ ದಾರಿಯನ್ನೇ ಹಿಡಿಯುತ್ತವೆ, ಡೋಪಮೀನ್ ಎಂಬ ಮೆದುಳಿನ ರಾಸಾಯನಿಕವನ್ನು ಉಕ್ಕಿಸುತ್ತವೆ. ಪಾಷಾಣದ ಕೆಲಸವೇ ಬೇರೆ. ಅದು ಜೀವಕೋಶದ ಕಿಣ್ವಗಳಲ್ಲಿರುವ ಗಂಧಕಕ್ಕೆ ಅಂಟಿಕೊಂಡು ಸಕ್ಕರೆಯಿಂದ ಶಕ್ತಿ ತೆಗೆಯುವ ದಾರಿಗೆ ಅಡ್ಡ ನಿಲ್ಲುತ್ತದೆ. ಚರ್ಮದ ಸಣ್ಣ ರಕ್ತನಾಳ ಹಿಗ್ಗುವುದರಿಂದ ಕೆನ್ನೆ ಕೆಂಪು. ಬಹಳ ಕಾಲ ತಿಂದರೆ ಅಂಗೈ ಅಂಗಾಲಿನ ಚರ್ಮ ದಪ್ಪವಾಗುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ. ಕತ್ತಲಲ್ಲಿ ಚಾಕು ಹಿಡಿದು ಕೆಲವೇ ನಿಮಿಷದಲ್ಲಿ ಕೆಲಸ ಮುಗಿಸುವವನಿಗೆ ಬೆರಳು ಜೋಮು ಹಿಡಿದರೆ ಅನುಕೂಲವಂತೂ ಅಲ್ಲ. ತಿನ್ನೋದು ಬಿಟ್ಟರೆ ಕಳವಳ, ಹೊಟ್ಟೆನೋವು ಬರುತ್ತದೆ ಎಂದು ಸ್ಟೈರಿಯಾದವರು ಹೇಳುತ್ತಿದ್ದರು ನಿಜ. ಆದರೆ ಕಳವಳಕ್ಕೂ ಕೊಲೆಗೂ ನಡುವೆ ಬಹಳ ದಾರಿ ಇದೆ.

ಅಮಲಿನ ಪದಾರ್ಥಕ್ಕೂ ಹಿಂಸೆಗೂ ಇರುವ ನಂಟನ್ನು ಅಮೆರಿಕದ ಸಂಶೋಧಕ ಪಾಲ್ ಗೋಲ್ಡ್‌ಸ್ಟೈನ್ 1985ರಲ್ಲಿ ಮೂರು ಬಗೆಯಾಗಿ ಬಿಡಿಸಿಟ್ಟರು. ಪದಾರ್ಥವೇ ತಲೆ ಕೆಡಿಸಿ ಹೊಡೆದಾಟ ಮಾಡಿಸಬಹುದು. ಚಟಕ್ಕೆ ದುಡ್ಡು ಸಾಲದೆ ದರೋಡೆ ಮಾಡಬಹುದು. ಇಲ್ಲವೇ ಕಳ್ಳವ್ಯಾಪಾರದ ಒಳಜಗಳದಲ್ಲಿ ಹೆಣ ಬೀಳಬಹುದು. ಮೇಬ್ರಿಕ್‌ನನ್ನು ಇದರಲ್ಲಿ ಎಲ್ಲಿ ಕೂರಿಸುತ್ತೀರಿ? ಪಾಷಾಣ ಅಗ್ಗ, ಅಂಗಡಿಯಲ್ಲೇ ಸಿಗುತ್ತಿತ್ತು. ಕಳ್ಳವ್ಯಾಪಾರದ ಮಾತೇ ಇಲ್ಲ. ಸತ್ತ ಹೆಂಗಸರ ಹತ್ತಿರ ಕದಿಯಲು ಏನೂ ಇರಲಿಲ್ಲ. ಉಳಿದಿದ್ದು ಮೊದಲನೆಯದು, ಅದಕ್ಕೆ ಮೇಲಿನ ರಸಾಯನ ವಿಜ್ಞಾನ ಒತ್ತಾಸೆ ಕೊಡುವುದಿಲ್ಲ. ಮೊದಲ ಬಗೆಯ ಹಿಂಸೆಗೆ ಗಟ್ಟಿ ಪುರಾವೆ ಜಾಸ್ತಿ ಇರೋದು ಮದ್ಯದ ವಿಷಯದಲ್ಲಿ. ಅದೂ ಹೆಚ್ಚಾಗಿ ಪರಿಚಿತರ ನಡುವೆ, ಕೋಪದ ಭರದಲ್ಲಿ. ವಾರಗಟ್ಟಲೆ ಕಾದು, ಸಿಕ್ಕಿಬೀಳದೆ ಮತ್ತೆ ಬರುವ ಕೊಲೆಗೆ ಈ ಅಚ್ಚು ಸರಿಹೊಂದುವುದಿಲ್ಲ.

ಚಟವಿದ್ದ ಸರಣಿ ಕೊಲೆಗಾರರು ಇರಲೇ ಇಲ್ಲವೇ? ಇದ್ದರು. ಅದೇ ಲಂಡನ್ನಿನಲ್ಲಿ ಹೆಂಗಸರಿಗೆ ಸ್ಟ್ರಿಕ್ನಿನ್ ವಿಷ ಕೊಟ್ಟು ಕೊಂದ ಡಾಕ್ಟರ್ ಥಾಮಸ್ ನೀಲ್ ಕ್ರೀಮ್‌ಗೆ ಮಾರ್ಫಿನ್ ಚಟವಿತ್ತು. 1892ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನೇ ರಿಪ್ಪರ್ ಅಂದವರೂ ಇದ್ದಾರೆ. ತಮಾಷೆ ಏನೆಂದರೆ 1888ರಲ್ಲಿ ಅವನು ಅಮೆರಿಕದ ಇಲಿನಾಯ್ ರಾಜ್ಯದ ಜೈಲಿನಲ್ಲಿದ್ದ! ಇಷ್ಟಕ್ಕೂ ಆ ಕಾಲದ ಇಂಗ್ಲೆಂಡಿನಲ್ಲಿ ಅಫೀಮಿನ ಟಿಂಕ್ಚರ್ ಕೆಮ್ಮಿಗೂ ನಿದ್ದೆಗೂ ಮನೆಮಾತಾಗಿತ್ತು, ಪಾಷಾಣ ಮೈಬಣ್ಣದ ಔಷಧಿಯಲ್ಲೂ ಇತ್ತು. ಅಷ್ಟು ಜನರಲ್ಲಿದ್ದ ಅಭ್ಯಾಸದಿಂದ ಒಬ್ಬ ಕೊಲೆಗಾರನನ್ನು ಹೆಕ್ಕುವುದು ಹೇಗೆ?

ಇವತ್ತಿನ ಪ್ರಯೋಗಾಲಯವಾದರೆ ಕೂದಲು ಕೇಳುತ್ತಿತ್ತು. ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿನಲ್ಲಿ ಗಂಧಕ ಜಾಸ್ತಿ, ಅದಕ್ಕೇ ಪಾಷಾಣ ಅಲ್ಲಿ ಬಂದು ಕೂರುತ್ತದೆ. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಲೆಕ್ಕದಲ್ಲಿ ಕೂದಲು ಬೆಳೆಯುತ್ತದೆ. ಮೇಬ್ರಿಕ್ ಸತ್ತದ್ದು ಕೊನೆಯ ಕೊಲೆಯಾದ ಆರು ತಿಂಗಳಿಗೆ. ಅಂದರೆ ಬುಡದಿಂದ 6 ಸೆಂಟಿಮೀಟರ್ ದೂರದಲ್ಲಿ 1888ರ ನವೆಂಬರ್, 8ರ ಆಚೆ ಆಗಸ್ಟ್. ಅಷ್ಟುದ್ದದ ಕೂದಲು ಸಿಕ್ಕರೆ, ಆ ವಾರಗಳಲ್ಲಿ ಅವನು ತಿನ್ನೋದು ಹೆಚ್ಚಿತ್ತೋ ತಗ್ಗಿತ್ತೋ ಎಂದು ಅಂದಾಜು ಹಾಕಬಹುದು. ಆ ರಾತ್ರಿಗಳಲ್ಲಿ ಅವನು ಲಂಡನ್ ರೈಲು ಹತ್ತಿದ್ದನೇ ಅನ್ನೋದನ್ನು ಮಾತ್ರ ಪಾಷಾಣದ ಲೆಕ್ಕ ಹೇಳುವುದಿಲ್ಲ.